ಗೌಂಡಿ

ಕ್ಯಾಂಪಿನಾಗ ಆ ಬಂಗ್ಲೆಕ್ಕ ಜನ ಅನ್ನೂದು ದೆವ್ವಿನ ಮನಿ.
ಕಿಟಕಿ ತೆರಿಯೂದಿಲ್ಲ. ತಿಂಗಳಿಗೊಮ್ಮೆ ಕರೇ ಕೋಟಿನವರು ಬರತಾರ,
ಉಣತಾರ, ಹೋಗತಾರ.
ನನ್ನ ಕರಿಸಿದ್ದು ನೆಲಾ ರಿಪೇರಿಗೆ.
ಕರಿ ಹಾಸು, ಬಿಳಿ ಹಾಸು, ಕರಿ, ಬಿಳಿ,
ಚದುರಂಗದ ಹಲಗಿಯಂಗ.
ಎರಡೂ ಒಂದ ಗಾತ್ರ, ಒಂದ ಸುಣ್ಣದಾಗ ಕುಂತಾವ.
ನೆಲದಾಗ ಜಗಳಿಲ್ಲ.

ಸೆಕ್ರೆಟರಿ ಪೋತದಾರ ಸಾಹೇಬರು ಒಳ್ಳೆಯವರು.
"ಆಫ್ರಿಕಾದವರೇನು? ಕನ್ನಡ ಭಾಳ ಚೊಲೊ ಕಲ್ತೀರಿ" ಅಂದರು.
"ಖಾನಾಪುರದಾಂವ್ರಿ" ಅಂದೆ.
"ಅಲ್ಲ, ಮೂಲ?" ಅಂದರು.
ಮೂಲಿಮಟ್ಟ ಚೀಲದಾಗ ಇತ್ತು. ತೋರಿಸಲಿಲ್ಲ.

ಗೋಡಿ ಮ್ಯಾಲ ಬೆಳ್ಳಿ ಮೂಲಿಮಟ್ಟ, ಬೆಳ್ಳಿ ಕೈವಾರ,
ರೇಶಿಮಿ ದಾರದಾಗ ತೂಗುಗುಂಡು,
ಗಾಜಿನ ಪೆಟ್ಟಿಗ್ಯಾಗ ಒಂದು ಕರಣಿ,
ಅದರ ಅಂಚಿಗೆ ಒಮ್ಮೆನೂ ಸುಣ್ಣ ಹತ್ತಿಲ್ಲ.
"ನಾವೂ ಗೌಂಡಿಗಳs," ಸಾಹೇಬರು ನಕ್ಕರು,
"ಅಂದರ, ಮನಸ್ಸಿನ ಗೌಂಡಿಗಳು. ಎಲ್ಲಾರೂ ಅಣ್ಣತಮ್ಮರು."
ಅವರ ಉಗುರು ನೋಡಿದೆ. ನನ್ನ ಉಗುರು ನೋಡಿಕೊಂಡೆ.

ನಮ್ಮ ಆಯಿ ಹೇಳತಿದ್ದಳು, ಆಕಿಗೆ ಆಕಿ ಆಯಿ:
ಬಸ್ತ್ಯಾಂವ ಮುತ್ಯಾ ಗೋವಾದಿಂದ ಘಾಟು ಹತ್ತಿ ಬಂದಾಂವ.
ಎದಿ ಮ್ಯಾಲ ಧಣಿಯ ಹೆಸರು ಸುಟ್ಟಿದ್ದರು.
ಅಂವಗ ಓದಾಕ ಬರತಿರಲಿಲ್ಲ,
ತನ್ನ ಎದಿ ತಾನು ಕಡೀತನಕ ಓದಲಿಲ್ಲ.
ಕ್ಯಾಂಪಿನಾಗ ಕಲ್ಲು ಕಡದ. ಬೆಲ್ಲ ಸುಣ್ಣ ಕಲಸಿ
ಈ ಬಂಗ್ಲೆದ ಪಾಯಾ ತುಂಬಿದ.
ಗೋರಾ ಸಾಹೇಬರು ಒಬ್ಬರಿಗೊಬ್ಬರು ಗೌಂಡಿ ಅಣ್ಣಾ ಅನ್ನೂದು ಕೇಳಿದ,
ಖರೇ ಅಂತ ತಿಳದ.
ಅದs ತಪ್ಪು ನೋಡು, ಅನ್ನತಿದ್ದಳು ಆಯಿ, ಎಲಿ ಅಡಿಕಿ ನಿಲ್ಲಿಸಿ,
ಖರೇ ಅಂತ ತಿಳದ.

ಹುಣ್ಣಿಮಿ ರಾತ್ರಿ ಜಳಕಾ ಮಾಡಿ, ಕರಣಿ ತೊಳದು,
ಬಂದು ಬಾಗಲಾ ಬಡದ. ಮೂರು ಸಲ.
ಯಾರು?
ಗೌಂಡಿರಿ.
ಒಳಗ ನಗಿ.
ಆಮ್ಯಾಲ ಒಬ್ಬಾಂವ ಹೊರಗ ಬಂದ. ಬೈಲಿಲ್ಲ, ಸಮಾಧಾನದಿಂದs ಹೇಳಿದ:
ಕಾಯ್ದೆ ಐತಿ ನಮ್ಮದು. ಹುಟ್ಟಿನಿಂದ ಸ್ವತಂತ್ರ ಇದ್ದಾಂವಗಷ್ಟs ಜಾಗ.
ತಾಯಿ ತೊತ್ತಾಗಿದ್ದರ ಮಗನಿಗೆ ಬಾಗಲಿಲ್ಲ.
ಮುತ್ಯಾ ಕೇಳಿದನಂತ:
ಸಾಹೇಬ, ಒಂಬತ್ತು ತಿಂಗಳು ಆಕಿ ಹೊಟ್ಟ್ಯಾಗ ಇದ್ದೆ,
ಅಲ್ಲಿಗೆ ಯಾವ ಧಣೀನೂ ಬಂದಿರಲಿಲ್ಲಲ್ಲ?
ಬಾಗಲಾ ಮುಚ್ಚಿತು.
ಚೌಕಟ್ಟು ನಿಲ್ಲಿಸಿದಾಂವ ಅಂವನs.

ಬೆಂಕಿ ಹಚ್ಚಿದ ಅಂದರ ಕತಿ ಚಂದ ಆಗತಿತ್ತು.
ಹಚ್ಚಲಿಲ್ಲ. ತಾ ಕಟ್ಟಿದ್ದು ಸುಡಾಕ ಕೈ ಏಳಲಿಲ್ಲ.
ಖಾನಾಪುರದ ಕಾಡಿನಾಗ ತಂದೊಂದು ಸಂಘ ಕಟ್ಟಿದ.
ಓಡಿ ಬಂದ ಹನ್ನೊಂದು ಮಂದಿ, ಅದರಾಗ ನಾಕು ಹೆಂಗಸರು.
ಗೋಡಿಲ್ಲ. ಸಗಣಿ ಸಾರಿಸಿದ ನೆಲ. ಒಂದು ಡಮಾಮ.
ಕತ್ತಲದಾಗ ಯಾರರೇ ಬಂದರ ಗುರುತಿನ ಮಾತು ಒಂದs:
ಉಂಡೀ?
ಇಲ್ಲ ಅಂದಾಂವ ಒಳಗ.
ಸೋರೆ ಬುರುಡ್ಯಾಗ ಪೈ ಪೈ ಕೂಡಿಸತಿದ್ದರು,
ಘಾಟಿನ ಕೆಳಗ ಉಳಿದವರನ್ನ ಮ್ಯಾಲ ತರಾಕ.
ನಿನ್ನ ತಾಯಿ ಏನಾಗಿದ್ದಳು ಅಂತ ಯಾರೂ ಕೇಳಲಿಲ್ಲ.
ಕೇಳತಿದ್ದದ್ದು ಇಷ್ಟs:
ಆಕಿ ಇನ್ನೂ ಅಲ್ಲೇ ಅದಾಳೇನು?

ಇವತ್ತು ಹೊಸ್ತಲ ಹಂತ್ಯಾಕ ಒಂದು ಕರಿ ಹಾಸು ಎಬ್ಬಿಸಿದೆ.
ಕೆಳಗ ಕಲ್ಲು. ಏನರೇ ಗುರುತು ಕಡದಿಟ್ಟಾನೇನು ಅಂತ ಕೈ ಸವರಿದೆ.
ಇರಲಿಲ್ಲ.
ಸುಣ್ಣ ಇನ್ನೂ ಗಟ್ಟಿ. ಒಂದು ಚೂರು ಕೆರದು ನಾಲಿಗಿಗೆ ಹಚ್ಚಿದೆ,
ಹುಚ್ಚರಂಗ.
ಬೆಲ್ಲ ಯಾವಾಗೋ ಹೋಗೇತಿ.

ಹಾಸು ಕುಂದರಿಸಿ, ಪೊಳ್ಳು ಎಲ್ಲೆಲ್ಲಿ ಅಂತ
ಕರಣಿ ಹಿಡಿಕಿಯಿಂದ ಬಡದು ನೋಡಿದೆ.
ಮೂರು ಸಲ.
ವರಾಂಡಾದಿಂದ ಸಾಹೇಬರು ಕೂಗಿದರು:
ಯಾರದು, ಬಾಗಲಾ ಬಡಿಯೂದು?
ಬಾಗಲಲ್ಲರಿ, ನೆಲ.
ಒಳಗ ಪೊಳ್ಳೈತಿ.
ಇನ್ನೊಂದು ಚೀಲ ಸಿಮೆಂಟ ತರಸ್ರಿ.